ವಿಮೆ ಇಲ್ಲದ ನೌಕೆಯನ್ನು ಹೊರಗೆ ತರಬೇಡಿ: ಬಳ್ಳಾರಿ, ರಾಯಚೂರು, ಕೊಪ್ಪಳದ ಆಟಗಾರರಿಗೆ ಒಂದು ಬಹಿರಂಗ ಪತ್ರ

ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕುಳಿತು ಬಾಹ್ಯಾಕಾಶ ನೌಕೆ ಹಾರಿಸುವ ನನ್ನ ತಮ್ಮಂದಿರಿಗೆ, ತಂಗಿಯರಿಗೆ, ಅವರನ್ನು ಈ ಆಟಕ್ಕೆ ಕರೆತಂದ ಹಿರಿಯ ಆಟಗಾರರಿಗೆ, ಹಾಗೆಯೇ ಅವರ ಮನೆಯವರಿಗೆ ನಮಸ್ಕಾರ.

ನಾನು ರಾಯಚೂರಿನವನು. ಬಹಳ ಕಾಲದಿಂದ ಈವ್ ಆನ್‌ಲೈನ್ ಆಡುತ್ತಿದ್ದೇನೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ವಿದ್ಯಾರ್ಥಿಗಳು, ತೋರಣಗಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುವ ಕೆಲವರು ಸೇರಿ ನಮ್ಮದೊಂದು ಸಣ್ಣ ಗುಂಪಿದೆ. ವಯಸ್ಸಿನಲ್ಲಿ ನಾನು ದೊಡ್ಡವನಾದ್ದರಿಂದ ಏನಾದರೂ ಎಡವಟ್ಟಾದರೆ ಮೊದಲು ನನಗೇ ಕರೆ ಬರುತ್ತದೆ. ಇತ್ತೀಚೆಗೆ ಬರುತ್ತಿರುವ ಕರೆಗಳೆಲ್ಲ ಒಂದೇ ಬಗೆಯವು. "ಅಣ್ಣಾ, ನೌಕೆ ಹೋಯಿತು. ವಿಮೆ ಮಾಡಿಸಿರಲಿಲ್ಲ" ಎನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು: "ದುಡ್ಡು ಕಟ್ಟಿದರೆ ಈಗಲೇ ಹೊಸದು ಬರುತ್ತದಲ್ಲವೇ?" ಮೊದಲ ಮಾತಿಗೆ ನನ್ನ ಬಳಿ ಸಮಾಧಾನವಿದೆ. ಎರಡನೆಯ ಮಾತು ಕೇಳಿದಾಗ ನನಗೆ ಭಯವಾಗುತ್ತದೆ. ಆ ಭಯವೇ ಈ ಪತ್ರ ಬರೆಸುತ್ತಿದೆ.

ನಾನು ಹೇಳಬೇಕಾದದ್ದು ಇಷ್ಟೇ: ಆಟದಲ್ಲಿ ಆದ ನಷ್ಟ ಆಟದೊಳಗೇ ಮುಗಿಯಬೇಕು. ಅದು ಅಲ್ಲೇ ಮುಗಿಯಲಿ ಎಂದೇ ವಿಮೆ ಇರುವುದು. ವಿಮೆ ಮಾಡಿಸದ ಹುಡುಗನ ನಷ್ಟ ಅವನ ತಾಯಿಯ ಬ್ಯಾಂಕ್ ಖಾತೆಯವರೆಗೂ ಬರುತ್ತದೆ.

ಆಟದ ಪರಿಚಯವಿಲ್ಲದ ಮನೆಯವರಿಗಾಗಿ ಎರಡು ಮಾತು. ಐಸ್‌ಲ್ಯಾಂಡ್ ದೇಶದ ರೇಕ್ಯಾವಿಕ್ ನಗರದ ಸಿಸಿಪಿ ಎಂಬ ಸಂಸ್ಥೆ 2003ರ ಮೇ ತಿಂಗಳಲ್ಲಿ ಆರಂಭಿಸಿದ ಆಟ ಇದು. ಏಳು ಸಾವಿರಕ್ಕೂ ಹೆಚ್ಚು ನಕ್ಷತ್ರ ಮಂಡಲಗಳಿರುವ ಒಂದೇ ಜಗತ್ತಿನಲ್ಲಿ ಬೇರೆ ಬೇರೆ ದೇಶಗಳವರು ಒಟ್ಟಿಗೆ ಆಡುತ್ತಾರೆ. ಅದಿರು ತೆಗೆಯುವವರು, ಅದನ್ನು ಕರಗಿಸಿ ನೌಕೆ ಕಟ್ಟುವವರು, ಸರಕು ಸಾಗಿಸುವವರು, ದಾರಿಯಲ್ಲಿ ಅಡ್ಡಗಟ್ಟಿ ದೋಚುವವರು, ಎಲ್ಲರೂ ಆಟಗಾರರೇ. 2016ರ ನವೆಂಬರ್‌ನಿಂದ ಶುಲ್ಕವಿಲ್ಲದೆಯೂ ಆಡಬಹುದಾಗಿದೆ. ನಮ್ಮ ಕಡೆಯ ಹುಡುಗರಲ್ಲಿ ಹೆಚ್ಚಿನವರು ಬಂದದ್ದು ಆ ಬಾಗಿಲಿನಿಂದಲೇ. ಆಟದ ಹಣಕ್ಕೆ ಇಸ್ಕ್ ಎನ್ನುತ್ತಾರೆ.

ಬೇರೆ ಆಟಗಳಲ್ಲಿ ಸತ್ತರೆ ಮತ್ತೆ ಮೊದಲಿನಿಂದ ಶುರು, ಕೈಯಲ್ಲಿದ್ದದ್ದು ಕೈಯಲ್ಲೇ ಇರುತ್ತದೆ. ಇಲ್ಲಿ ಹಾಗಿಲ್ಲ. ಸಿಡಿದ ನೌಕೆ ಸಿಡಿದೇ ಹೋಯಿತು. ಅದಕ್ಕೆ ಜೋಡಿಸಿದ್ದ ತೋಪು, ಕವಚ, ಯಂತ್ರಗಳಲ್ಲಿ ಸರಿಸುಮಾರು ಅರ್ಧ ಬೂದಿಯಾಗುತ್ತದೆ, ಉಳಿದರ್ಧ ಅವಶೇಷದಲ್ಲಿ ತೇಲುತ್ತಿರುತ್ತದೆ. ಅದನ್ನು ಹೊಡೆದವನು ಎತ್ತಿಕೊಂಡು ಹೋಗುತ್ತಾನೆ. ನೀವು ಮೊಟ್ಟೆಯಾಕಾರದ ಒಂದು ಪುಟ್ಟ ಕೋಶದಲ್ಲಿ ಬರಿಗೈಯಲ್ಲಿ ಉಳಿಯುತ್ತೀರಿ. ಈ ಕಠೋರತೆಯೇ ನನಗೆ ಈ ಆಟವನ್ನು ಹತ್ತಿರ ಮಾಡಿದ್ದು. ಒಬ್ಬನ ನೌಕೆ ಸಿಡಿದಾಗ ಇನ್ನೊಬ್ಬನ ಕಾರ್ಖಾನೆಗೆ ಕೆಲಸ ಸಿಗುತ್ತದೆ, ಮತ್ತೊಬ್ಬ ಅಗೆದ ಅದಿರಿಗೆ ಬೆಲೆ ಬರುತ್ತದೆ. ನಷ್ಟವನ್ನು ತೆಗೆದುಹಾಕಿದರೆ ಆ ಮಾರುಕಟ್ಟೆಯೇ ಸತ್ತುಹೋಗುತ್ತದೆ. ಆದ್ದರಿಂದ ನಷ್ಟ ಬೇಡ ಎಂದು ನಾನು ಯಾರನ್ನೂ ಕೇಳುತ್ತಿಲ್ಲ. ಗೊತ್ತಿದ್ದು ಸಿದ್ಧರಾಗಿ ಕಳೆದುಕೊಳ್ಳಿ ಎಂದು ಬೇಡುತ್ತಿದ್ದೇನೆ.

ಈಗ ವಿಮೆಯ ಲೆಕ್ಕ. ನಿಲ್ದಾಣದಲ್ಲಿ ವಿಮೆಯ ಕಿಟಕಿ ತೆರೆದರೆ ನಿಮ್ಮ ನೌಕೆಯ ಹೆಸರಿನ ಮುಂದೆ ಆರು ದರ್ಜೆಗಳು ಕಾಣುತ್ತವೆ. ಎಲ್ಲಕ್ಕಿಂತ ಕೆಳಗಿನ ದರ್ಜೆಗೆ ನೌಕೆಯ ಮೂಲ ಮೌಲ್ಯದ ಶೇ 5ರಷ್ಟು ಕಂತು ಕಟ್ಟಿದರೆ ನಷ್ಟವಾದಾಗ ಶೇ 50 ಪರಿಹಾರ. ಒಂದೊಂದು ಮೆಟ್ಟಿಲು ಏರಿದಂತೆ ಕಂತು ಶೇ 5ರಷ್ಟು, ಪರಿಹಾರ ಶೇ 10ರಷ್ಟು ಹೆಚ್ಚುತ್ತ ಹೋಗಿ, ಮೇಲಿನ ಪ್ಲಾಟಿನಂ ದರ್ಜೆಯಲ್ಲಿ ಶೇ 30 ಕಟ್ಟಿದರೆ ಶೇ 100 ಬರುತ್ತದೆ. ಏನೂ ಕಟ್ಟದಿದ್ದವನಿಗೂ ಆಟ ಶೇ 40 ಕೊಡುತ್ತದೆ. ಅವಧಿ 12 ವಾರ. ಅದು ಮುಗಿದರೆ ತಾನಾಗಿ ನವೀಕರಣ ಆಗುವುದಿಲ್ಲ, ಕಟ್ಟಿದ ಕಂತು ಹಿಂದಕ್ಕೆ ಬರುವುದಿಲ್ಲ. ನೌಕೆಯನ್ನು ಮಾರಿದರೆ, ಇನ್ನೊಬ್ಬರಿಗೆ ಕೊಟ್ಟರೆ, ಬಿಚ್ಚಿ ಪೊಟ್ಟಣ ಕಟ್ಟಿದರೆ ವಿಮೆ ಅಲ್ಲಿಗೇ ರದ್ದು. ಗೆಳೆಯನಿಂದ ಕೊಂಡ ನೌಕೆಗೆ ಅವನು ಮಾಡಿಸಿದ್ದ ವಿಮೆ ನಿಮ್ಮ ಹೆಸರಿಗೆ ಬರುವುದಿಲ್ಲ. ಇದು ಗೊತ್ತಿಲ್ಲದೆ ಮೋಸಹೋದವರನ್ನು ಬಹಳ ಕಂಡಿದ್ದೇನೆ.

ಒಂದು ಉದಾಹರಣೆ ನೋಡಿ. ನೌಕೆಯ ಮೂಲ ಮೌಲ್ಯ 10 ಕೋಟಿ ಇಸ್ಕ್ ಎಂದುಕೊಳ್ಳಿ. ಪ್ಲಾಟಿನಂ ಕಂತು 3 ಕೋಟಿ. ನೌಕೆ ಸಿಡಿದರೆ 10 ಕೋಟಿ ಕೈಗೆ ಬರುತ್ತದೆ, ಕಂತು ಕಳೆದರೆ 7 ಕೋಟಿ ಉಳಿಯಿತು. ವಿಮೆ ಇಲ್ಲದಿದ್ದರೆ 4 ಕೋಟಿ. ಮೂರು ಕೋಟಿಯ ವ್ಯತ್ಯಾಸ. ಹೊಸಬನೊಬ್ಬ ಕೂತು ಅದಿರು ಅಗೆದೇ ಸೇರಿಸಬೇಕಾದ ಹಣ ಅದು.

ಇಲ್ಲಿ ಹಿರಿಯ ಆಟಗಾರರು ತಕ್ಷಣ ಒಂದು ಆಕ್ಷೇಪ ಎತ್ತುತ್ತಾರೆ. ಅದು ತೂಕದ ಆಕ್ಷೇಪವೇ. ಮೂರು ಕೋಟಿ ಕಟ್ಟಿ ಹೆಚ್ಚುವರಿಯಾಗಿ ಸಿಗುವುದು ಆರು ಕೋಟಿ. ಅಂದರೆ 12 ವಾರದಲ್ಲಿ ನೌಕೆ ಸಿಡಿಯುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆಯಿದ್ದರೆ ಸರಾಸರಿಯಲ್ಲಿ ವಿಮೆ ನಷ್ಟದ ಬಾಬತ್ತು. ಆರೂ ದರ್ಜೆಗಳಲ್ಲಿ ಇದೇ ಲೆಕ್ಕ. "ಎಚ್ಚರದಿಂದ ಆಡುವವನಿಗೆ ವಿಮೆ ದಂಡ" ಎಂದು ಅವರು ಹೇಳುವುದು ಇದೇ ಆಧಾರದ ಮೇಲೆ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಸರಾಸರಿ ಎನ್ನುವುದು ಹತ್ತಾರು ನೌಕೆ ಇಟ್ಟುಕೊಂಡವನಿಗೆ ಅನ್ವಯಿಸುವ ಮಾತು. ಒಂದು ಹೋದರೆ ಒಂಬತ್ತು ಉಳಿಯುತ್ತವೆ, ವರ್ಷದ ಕೊನೆಗೆ ಲೆಕ್ಕ ಸರಿಹೋಗುತ್ತದೆ. ಒಂದೇ ನೌಕೆ ಇರುವವನಿಗೆ ಸರಾಸರಿ ಎಲ್ಲಿಂದ ಬರಬೇಕು? ಅವನಿಗೆ ಇರುವುದು ಎರಡೇ ಸ್ಥಿತಿ, ನಾಳೆ ಆಡಬಲ್ಲೆ ಅಥವಾ ಆಡಲಾರೆ.

ನಮ್ಮ ಜಿಲ್ಲೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂದಾಗಿನಿಂದ ಮುಂಗಾರು ಬೆಳೆಗೆ ರೈತನ ಪಾಲಿನ ಕಂತು ಶೇ 2, ಹಿಂಗಾರಿಗೆ ಶೇ 1.5 ಎನ್ನುವುದು ಮನೆಮನೆಗೂ ಗೊತ್ತು. 2020ರ ಮುಂಗಾರಿನಿಂದ ಸಾಲ ಪಡೆದ ರೈತರಿಗೂ ಅದು ಕಡ್ಡಾಯವಲ್ಲ. ನೂರು ಎಕರೆಯ ಒಡೆಯ ಕಟ್ಟದೆಯೂ ಬದುಕಿಕೊಳ್ಳುತ್ತಾನೆ. ಎಡದಂಡೆ ಕಾಲುವೆಯ ಕೆಳಭಾಗದಲ್ಲಿ ಎರಡು ಎಕರೆ ಭತ್ತ ಹಚ್ಚಿದವನು ಕೊನೆಯ ದಿನಾಂಕ ದಾಟುವ ಮೊದಲು ಸಾಲಿನಲ್ಲಿ ನಿಂತು ಕಟ್ಟುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಮೂರೂ ಜಿಲ್ಲೆಗಳ ಅಚ್ಚುಕಟ್ಟಿನ ರೈತರು ಹೇಗೆ ತಲೆಯ ಮೇಲೆ ಕೈ ಹೊತ್ತು ಕೂತರು ಎಂಬುದನ್ನು ನಾವೆಲ್ಲ ನೋಡಿದ್ದೇವೆ. ತನ್ನ ಕೈಯಲ್ಲಿಲ್ಲದ ಕಾರಣಕ್ಕೆ ಇದ್ದದ್ದೊಂದೂ ಹೋದೀತು ಎಂಬ ಎಚ್ಚರ ನಮ್ಮ ನೆಲದ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿದೆ. ಆ ಎಚ್ಚರವನ್ನು ಕಂಪ್ಯೂಟರ್ ಮುಂದೆ ಕೂತಾಗಲೂ ಇಟ್ಟುಕೊಳ್ಳಿ.

ಗಂಗಾವತಿಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾನೆ. ತಂದೆ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಹುಡುಗ ಡಿಪ್ಲೊಮಾ ಓದುತ್ತಿದ್ದಾನೆ. ಆಟದ ಸರ್ವರ್ ಪ್ರತಿದಿನ ನಮ್ಮ ಸಂಜೆ ನಾಲ್ಕೂವರೆಗೆ ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಗುತ್ತದೆ. ಆಗ ಅದಿರಿನ ಬಂಡೆಗಳಿರುವ ಜಾಗಗಳು ಹೊಸದಾಗಿ ತುಂಬಿಕೊಂಡಿರುತ್ತವೆ. ಕಾಲೇಜಿನಿಂದ ಬಂದು ಬ್ಯಾಗು ಇಟ್ಟವನೇ ಆ ಹೊತ್ತಿಗೆ ಸರಿಯಾಗಿ ಕೂರುತ್ತಿದ್ದ. ಮೊದಲು ವೆಂಚರ್ ಎಂಬ ಪುಟ್ಟ ಗಣಿಗಾರಿಕೆ ನೌಕೆ, ಆಮೇಲೆ ರಿಟ್ರೀವರ್. ತಿಂಗಳುಗಟ್ಟಲೆ ಅಗೆದು, ಮಾರಿ, ಕೂಡಿಟ್ಟು, ಕೊನೆಗೊಂದು ಡ್ರೇಕ್ ಕೊಂಡ. ಕ್ಷಿಪಣಿ ಹಾರಿಸುವ ದೊಡ್ಡ ಯುದ್ಧನೌಕೆ ಅದು. ಕೊಂಡ ದಿನ ಗುಂಪಿನವರಿಗೆಲ್ಲ ಅದರ ಚಿತ್ರ ಕಳುಹಿಸಿದ್ದ. ಕ್ಷಿಪಣಿಯ ಲಾಂಚರ್‌ಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿದ. ವಿಮೆಯ ಕಿಟಕಿಯನ್ನೂ ತೆರೆದು ನೋಡಿದ್ದನಂತೆ. "ಕಂತು ನೋಡಿ ಎದೆ ಧಸಕ್ಕೆಂದಿತು ಅಣ್ಣಾ, ಅದೇ ದುಡ್ಡಿಗೆ ಒಳ್ಳೆಯ ಕವಚ ಬರುತ್ತದೆಂದು ಮುಚ್ಚಿಬಿಟ್ಟೆ" ಎಂದ.

ಅವನು ಹೊರಟ ದಾರಿಯ ಆಯ್ಕೆ "ಅತಿ ಹತ್ತಿರದ ದಾರಿ" ಎಂದಿತ್ತು, "ಸುರಕ್ಷಿತ ದಾರಿ" ಎಂದಿರಲಿಲ್ಲ. ಆಟದಲ್ಲಿ ಪ್ರತಿ ಮಂಡಲಕ್ಕೂ ಭದ್ರತೆಯ ಅಂಕವಿದೆ. 0.5 ಮತ್ತು ಅದಕ್ಕಿಂತ ಮೇಲಿದ್ದರೆ ಕಾಂಕಾರ್ಡ್ ಎಂಬ ಪೊಲೀಸ್ ಪಡೆ ಬರುತ್ತದೆ, 0.4ಕ್ಕೆ ಇಳಿದರೆ ಬರುವುದಿಲ್ಲ. ಗಡಿ ದಾಟುವ ಮುನ್ನ ಎಚ್ಚರಿಕೆಯ ಫಲಕ ತೆರೆದುಕೊಳ್ಳುತ್ತದೆ. ಅದರ ಮೂಲೆಯಲ್ಲಿ "ಮತ್ತೆ ತೋರಿಸಬೇಡ" ಎಂಬ ಪುಟ್ಟ ಚೌಕವಿದೆ. ಅದಕ್ಕೆ ಅವನು ಎಂದೋ ಗುರುತು ಹಾಕಿಬಿಟ್ಟಿದ್ದ. ಒಂದು ಮಂಡಲದಿಂದ ಇನ್ನೊಂದಕ್ಕೆ ದಾಟಿಸುವ ದ್ವಾರದ ಆಚೆ ಮೂವರು ಕಾದಿದ್ದರು. ಓಡಿಹೋಗದಂತೆ ಒಬ್ಬ ಹಿಡಿದಿಟ್ಟ, ಇನ್ನಿಬ್ಬರು ಹೊಡೆದರು. ಮೊದಲು ಹೊರಗಿನ ಶಕ್ತಿಕವಚ, ಆಮೇಲೆ ಲೋಹದ ಕವಚ, ಕೊನೆಗೆ ಒಡಲು. ಮೂರು ಪಟ್ಟಿಗಳು ಒಂದಾದ ಮೇಲೊಂದು ಕೆಂಪಾಗುವುದನ್ನು ನೋಡುತ್ತ ಕೂತಿದ್ದನಂತೆ.

ನನಗೆ ಕರೆ ಬರುವ ಹೊತ್ತಿಗೆ ಎರಡನೆಯ ಅನಾಹುತವೂ ಆಗಿಹೋಗಿತ್ತು. ಪರೀಕ್ಷಾ ಶುಲ್ಕಕ್ಕೆಂದು ತಾಯಿ ಅವನ ಖಾತೆಗೆ ಹಾಕಿದ್ದ ಹಣದಿಂದ ನಿಜವಾದ ದುಡ್ಡಿಗೆ ಸಿಗುವ ಪ್ಲೆಕ್ಸ್ ಎಂಬ ಆಟದ ವಸ್ತುವನ್ನು ಕೊಂಡು, ಅದನ್ನು ಆಟದೊಳಗಿನ ಮಾರುಕಟ್ಟೆಯಲ್ಲಿ ಇಸ್ಕ್‌ಗೆ ಮಾರಿ, ಅದೇ ರಾತ್ರಿ ಇನ್ನೊಂದು ಡ್ರೇಕ್ ಕೊಂಡಿದ್ದ. ಅದಕ್ಕೂ ವಿಮೆ ಮಾಡಿಸಲಿಲ್ಲ. ಸೇಡು ತೀರಿಸಿಕೊಳ್ಳಬೇಕೆಂದು ಅದೇ ದ್ವಾರಕ್ಕೆ ಹೋದ. ಆ ಮೂವರು ಅಲ್ಲೇ ಇದ್ದರು.

ಮರುದಿನ ಅವನ ತಾಯಿ ನನ್ನೊಂದಿಗೆ ಮಾತನಾಡಿದರು. ಬೈಯಲಿಲ್ಲ. "ಹೋದದ್ದು ಮರಳಿ ಬರುವ ದಾರಿ ಏನಾದರೂ ಇದೆಯಾ?" ಎಂದಷ್ಟೇ ಕೇಳಿದರು. ಇಲ್ಲ ಎಂದು ಹೇಳುವಾಗ ನನ್ನ ಗಂಟಲು ಕಟ್ಟಿತು. ಇದರಲ್ಲಿ ಆಟ ಮಾಡಿದವರ ತಪ್ಪಿಲ್ಲ. ಹೊಡೆದ ಆ ಮೂವರೂ ಆಟದ ನಿಯಮದಂತೆಯೇ ಹೊಡೆದರು.

ತಮ್ಮಂದಿರೇ, ತಂಗಿಯರೇ, ಇದನ್ನು ಮನಸ್ಸಿಟ್ಟು ಓದಿ. ಈ ಆಟದೊಳಕ್ಕೆ ರೂಪಾಯಿ ಹೋಗಲು ದಾರಿಯಿದೆ, ಹೊರಗೆ ಬರಲು ನ್ಯಾಯವಾದ ದಾರಿ ಒಂದೂ ಇಲ್ಲ. 2014ರ ಜನವರಿ 27 ಮತ್ತು 28ರಂದು ಬಿ-ಆರ್5ಆರ್‌ಬಿ ಎಂಬ ಮಂಡಲದಲ್ಲಿ ನಡೆದ ಯುದ್ಧದ ಸುದ್ದಿಯನ್ನು ನೀವು ಕೇಳಿರಬಹುದು. ಆ ಪ್ರದೇಶದ ಒಡೆತನ ಉಳಿಸಿಕೊಳ್ಳಲು ಕಟ್ಟಬೇಕಿದ್ದ ಬಾಕಿಯೊಂದು ಪಾವತಿಯಾಗದೆ ಉಳಿದದ್ದೇ ಕಿಡಿಯಾಗಿ, ಏಳು ಸಾವಿರಕ್ಕೂ ಹೆಚ್ಚು ಆಟಗಾರರು ಅದರೊಳಗೆ ಇಳಿದರು. ಟೈಟನ್ ಎಂಬ ದೈತ್ಯ ನೌಕೆಗಳೇ 75 ನಾಶವಾದವು. ನಷ್ಟ ಸುಮಾರು 3 ಲಕ್ಷ ಡಾಲರ್ ಎಂದು ಪತ್ರಿಕೆಗಳು ಬರೆದವು. ಆ ಡಾಲರ್ ಯಾರ ಕೈಯಲ್ಲೂ ಇರಲಿಲ್ಲ. ಅಷ್ಟು ಇಸ್ಕ್ ಪಡೆಯಲು ಪ್ಲೆಕ್ಸ್ ಕೊಳ್ಳಬೇಕಾದರೆ ಎಷ್ಟು ಡಾಲರ್ ಬೇಕಾಗುತ್ತಿತ್ತು ಎಂಬ ಅಂದಾಜು ಮಾತ್ರ ಅದು. ಟೈಟನ್ ಕಳೆದುಕೊಂಡವರು ವರ್ಷಗಳ ಶ್ರಮ ಕಳೆದುಕೊಂಡರು. ಅವರ ಹಿಂದೆ ದೊಡ್ಡ ದೊಡ್ಡ ಒಕ್ಕೂಟಗಳಿದ್ದವು. ಆ ಸುದ್ದಿ ಓದಿ "ನನ್ನ ನೌಕೆಗೂ ನಿಜವಾದ ಬೆಲೆಯಿದೆ, ಅದಕ್ಕೆ ಹಣ ಹಾಕಿದರೆ ಆಸ್ತಿ ಮಾಡಿದಂತೆ" ಎಂದು ನಮ್ಮ ಹುಡುಗರು ಲೆಕ್ಕ ಹಾಕುವುದು ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನೌಕೆ ಹೋದ ರಾತ್ರಿ ಮನಸ್ಸು ಕೆಟ್ಟಿರುತ್ತದೆ. ಅದನ್ನೇ ಕಾಯುವ ಜನರಿದ್ದಾರೆ. "ಇಷ್ಟು ಇಸ್ಕ್ ಕಳಿಸು, ದುಪ್ಪಟ್ಟು ಮಾಡಿ ಕೊಡುತ್ತೇನೆ" ಎನ್ನುವವರು ಆಟದೊಳಗಿನ ದೊಡ್ಡ ಮಾರುಕಟ್ಟೆಯಾದ ಜಿತಾದಲ್ಲಿ ಹಗಲೂ ರಾತ್ರಿ ಕೂಗುತ್ತಿರುತ್ತಾರೆ. ಅವರ ಮಾತು ನಂಬಿ ಕಳಿಸಿದ್ದು ತಿರುಗಿ ಬರುವುದಿಲ್ಲ. ಅದಕ್ಕಿಂತ ಕೆಟ್ಟವರು ಆಟದ ಹೊರಗೆ ಅಗ್ಗದ ಇಸ್ಕ್ ಮಾರುತ್ತೇವೆಂದು ಮೊಬೈಲ್‌ಗೆ ಸಂದೇಶ ಕಳಿಸುವವರು. ಅವರಿಂದ ಕೊಳ್ಳುವುದು ಆಟದ ನಿಯಮಕ್ಕೆ ವಿರುದ್ಧ, ಖಾತೆಯೇ ಮುಚ್ಚಿಹೋದೀತು. ಯುಪಿಐ ಮೂಲಕ ಹಣ ಹೋಗಿ ಏನೂ ಬರದಿದ್ದರೆ ಮನೆಯವರಿಂದ ಮುಚ್ಚಿಡಬೇಡಿ, ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ ಅದು. ದೂರು ಬೇಗ ಹೋದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ವಿಮೆ ಎಲ್ಲಕ್ಕೂ ಮದ್ದಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಅದು ನೌಕೆಯ ಒಡಲಿಗೆ ಮಾತ್ರ. ಜೋಡಿಸಿದ ಯಂತ್ರಗಳಿಗೆ, ಹೊಟ್ಟೆಯಲ್ಲಿ ತುಂಬಿದ ಸರಕಿಗೆ ಒಂದು ಕಾಸೂ ಬರುವುದಿಲ್ಲ. ಉಯೆದಾಮಾ ಮಂಡಲದ ಹೆಸರು ಸರಕು ಸಾಗಿಸುವವರಿಗೆಲ್ಲ ಗೊತ್ತು. ಪೊಲೀಸ್ ಪಡೆ ಬರುವಷ್ಟು ಭದ್ರತೆಯ ಅಂಕ ಇದ್ದರೂ ಅಲ್ಲಿ ಸರಕು ನೌಕೆಗಳನ್ನು ಹೊಡೆಯುತ್ತಾರೆ, ಏಕೆಂದರೆ ಕಾಂಕಾರ್ಡ್ ಹೊಡೆದವನನ್ನು ಶಿಕ್ಷಿಸುತ್ತದೆಯೇ ಹೊರತು ನಿಮ್ಮನ್ನು ಕಾಪಾಡುವುದಿಲ್ಲ. ಪೊಲೀಸರ ಕೈಯಲ್ಲಿ ಸತ್ತವನಿಗೆ ವಿಮೆ ಕೊಡುವುದನ್ನು 2011ರಲ್ಲೇ ನಿಲ್ಲಿಸಿದರು. ಆದರೂ ದೋಚಿದ ಸರಕಿನ ಬೆಲೆ ಅವನು ಕಳೆದುಕೊಂಡ ಅಗ್ಗದ ನೌಕೆಗಿಂತ ಹೆಚ್ಚಾಗಿದ್ದರೆ ಅವನಿಗೆ ಲಾಭವೇ. ಹಾಗಾಗಿ ಸರಕನ್ನು ಒಂದೇ ಬಾರಿಗೆ ತುಂಬಬೇಡಿ, ಹಂಚಿ ಒಯ್ಯಿರಿ, ಆಟೊಪೈಲಟ್ ಹಾಕಿ ಊಟಕ್ಕೆ ಏಳಬೇಡಿ. ಟೆಕ್ 2 ಎಂದು ಕರೆಯುವ, ಎರಡನೆಯ ತಲೆಮಾರಿನ ತಂತ್ರಜ್ಞಾನದ ದುಬಾರಿ ನೌಕೆಗಳಿಗೆ ಸಿಗುವ ಪರಿಹಾರ ಅವುಗಳ ಮಾರುಕಟ್ಟೆ ಬೆಲೆಯ ಮುಂದೆ ಏನೇನೂ ಅಲ್ಲ. ಅವುಗಳಿಗೆ ನಿಮ್ಮ ಚೀಲದಲ್ಲಿರುವ ಹಣವೇ ವಿಮೆ. ಅದೇ ನೌಕೆಯನ್ನು ಯಂತ್ರಗಳ ಸಮೇತ ಮತ್ತೊಮ್ಮೆ ಕೊಳ್ಳುವಷ್ಟು ಇಸ್ಕ್ ಇಲ್ಲದಿದ್ದರೆ ಅದನ್ನು ಹತ್ತಬೇಡಿ.

ಎಲೀಟ್ ಡೇಂಜರಸ್ ಎಂಬ ಇನ್ನೊಂದು ಬಾಹ್ಯಾಕಾಶ ಆಟ ಆಡುವವರು ನಮ್ಮಲ್ಲಿ ಕಡಿಮೆ. ಅವರಿಗೂ ಇದೇ ಮಾತು. ಅಲ್ಲಿ ನೌಕೆ ಮತ್ತು ಯಂತ್ರಗಳ ಒಟ್ಟು ಮೌಲ್ಯದ ಶೇ 5 ಕಟ್ಟಿದರೆ ಅವೆರಡೂ ಹಾಗೆಯೇ ಮರಳಿ ಬರುತ್ತವೆ, ಕಂತು ಮುಂಗಡವಾಗಿ ಕಟ್ಟಬೇಕಿಲ್ಲ. ಇದಕ್ಕಿಂತ ಉದಾರ ವಿಮೆ ಬೇಕೇ? ಆದರೂ ಇದ್ದಬದ್ದ ಹಣವನ್ನೆಲ್ಲ ಹೊಸ ನೌಕೆಗೆ ಸುರಿದು, ಆ ಶೇ 5 ಕೂಡ ಉಳಿಸಿಕೊಳ್ಳದೆ ಹೊರಟವರು ಮತ್ತೆ ಸೈಡ್‌ವೈಂಡರ್ ಎಂಬ ಆರಂಭದ ಪುಟ್ಟ ನೌಕೆಗೆ ಬಂದು ಬಿದ್ದಿದ್ದಾರೆ.

ನಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದ ಇನ್ನೊಂದು ವಿಷಯವಿದೆ. ಶಕ್ತಿನಗರ, ಯರಮರಸ್, ಕುಡತಿನಿ ಎಂದು ರಾಜ್ಯಕ್ಕೆ ಬೆಳಕು ಕೊಡುವ ಸ್ಥಾವರಗಳ ನಡುವೆ ನಾವು ಬದುಕುತ್ತಿದ್ದೇವೆ. ಆದರೂ ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಬೀದಿಯೇ ಕತ್ತಲು. ಆಟದ ನಡುವೆ ಸಂಪರ್ಕ ಕಡಿದರೆ ನೌಕೆ ತಾನಾಗಿ ದೂರಕ್ಕೆ ಜಿಗಿದು, ಸ್ವಲ್ಪ ಹೊತ್ತಿನಲ್ಲಿ ಮರೆಯಾಗುತ್ತದೆ. ಆದರೆ ಇನ್ನೊಬ್ಬ ಆಟಗಾರನೊಂದಿಗೆ ಕಾದಾಟದಲ್ಲಿದ್ದರೆ 15 ನಿಮಿಷ ಅದು ಅಲ್ಲಿಂದ ಮಾಯವಾಗದು. ಶತ್ರು ಹಿಡಿದಿಟ್ಟಿದ್ದರೆ ಜಿಗಿಯಲೂ ಆಗದು. ನಿಮ್ಮ ಮನೆಯ ಕರೆಂಟ್ ಹೋಯಿತೆಂಬ ಕಾರಣಕ್ಕೆ ಯಾರೂ ನೌಕೆ ಮರಳಿಸುವುದಿಲ್ಲ. ಮೋಡ ಕಟ್ಟಿದ ಸಂಜೆ ನಿಲ್ದಾಣದೊಳಗೇ ಇದ್ದು ಮಾರುಕಟ್ಟೆಯ ಕೆಲಸ ನೋಡಿಕೊಳ್ಳಿ. ಆಗುವುದಾದರೆ ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ.

ಮನೆಯ ಹಿರಿಯರಿಗೆ ಒಂದು ಮಾತು. ಇದು ರಮ್ಮಿಯಲ್ಲ, ಜೂಜಲ್ಲ. ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ನಿಷೇಧಿಸಿದೆ. ಈ ಆಟದಲ್ಲಿ ಗೆಲ್ಲುವ ಹಣವೇ ಇಲ್ಲ. ನಿಮ್ಮ ಮಗನೋ ಮಗಳೋ ಮಂಕಾಗಿ ಕೂತಿದ್ದರೆ "ಆಟದ ನೌಕೆಗೆ ಅಳುತ್ತೀಯಾ?" ಎಂದು ಹಂಗಿಸಬೇಡಿ. ತಿಂಗಳುಗಟ್ಟಲೆ ಕೂಡಿಟ್ಟದ್ದು ಕಣ್ಣೆದುರೇ ಹೋಗಿರುತ್ತದೆ, ಆ ದುಃಖ ಸುಳ್ಳಲ್ಲ. ಹಂಗಿಸಿದರೆ ಅವರು ನಿಮಗೆ ಹೇಳುವುದನ್ನು ಬಿಡುತ್ತಾರೆ. ಹೇಳದ ಮಗು ಗುಟ್ಟಾಗಿ ದುಡ್ಡು ಕಟ್ಟುತ್ತದೆ. ಪಕ್ಕದಲ್ಲಿ ಕೂತು ಏನಾಯಿತೆಂದು ಕೇಳಿ. ಹಾಗೆಯೇ ನಿಮ್ಮ ಫೋನಿನ ಯುಪಿಐ ಪಿನ್ ನಿಮ್ಮ ಬಳಿಯೇ ಇರಲಿ.

ಕೊನೆಗೆ ಹಿರಿಯ ಆಟಗಾರರಿಗೆ. ನನ್ನ ಸಿಟ್ಟು ಹೆಚ್ಚಾಗಿ ಇರುವುದು ನಿಮ್ಮ ಮೇಲೆಯೇ. ಹೊಸಬನ ನಷ್ಟದ ದಾಖಲೆಯನ್ನು ಗುಂಪಿನಲ್ಲಿ ಹಾಕಿ, "ವಿಮೆಯೂ ಇಲ್ಲವಂತೆ" ಎಂದು ನಗುತ್ತೀರಿ. ಅವನು ಒಂದು ವಾರ ಮೊದಲು ಅದೇ ಗುಂಪಿನಲ್ಲಿ ಪ್ರಶ್ನೆ ಕೇಳಿದ್ದಾಗ ಯಾರೂ ಉತ್ತರಿಸಿರಲಿಲ್ಲ. ಹುಡುಗರನ್ನು ದಾಳಿಗೆ ಕರೆದುಕೊಂಡು ಹೋಗುವಾಗ ಯಾವ ತೋಪು, ಯಾವ ಗುಂಡು ಎಂದು ಇಷ್ಟುದ್ದ ಪಟ್ಟಿ ಕೊಡುತ್ತೀರಿ. ಆ ಪಟ್ಟಿಯ ಮೊದಲ ಸಾಲಿನಲ್ಲೇ "ವಿಮೆ ಆಯಿತೇ?" ಎಂದು ಬರೆಯಿರಿ. ಕಂತಿಗೆ ಹಣವಿಲ್ಲ ಎಂದರೆ ಗುಂಪಿನ ಖಜಾನೆಯಿಂದ ಕಟ್ಟಿ. ದೊಡ್ಡ ಒಕ್ಕೂಟಗಳು ತಮ್ಮ ಯುದ್ಧದಲ್ಲಿ ನೌಕೆ ಕಳೆದುಕೊಂಡವರಿಗೆ ವಿಮೆಯ ಪರಿಹಾರ ಹೋಗಿ ಉಳಿದ ವ್ಯತ್ಯಾಸವನ್ನು ತಾವೇ ತುಂಬಿಕೊಡುವ ಪದ್ಧತಿ ಇಟ್ಟುಕೊಂಡಿವೆ. ಹತ್ತು ಹದಿನೈದು ಜನರ ನಮ್ಮಂಥ ಗುಂಪಿಗೂ ಅದು ಆಗದ ಕೆಲಸವಲ್ಲ. ಪ್ರತಿಯೊಬ್ಬರೂ ಗಳಿಕೆಯ ಒಂದು ಪಾಲನ್ನು ಖಜಾನೆಗೆ ಹಾಕಿದರೆ ಸಾಕು, ನಾವು ಹಾಗೆಯೇ ಮಾಡುತ್ತಿದ್ದೇವೆ.

ಗಂಗಾವತಿಯ ಆ ಹುಡುಗ ಈಗ ಮತ್ತೆ ವೆಂಚರ್‌ನಲ್ಲಿ ಅದಿರು ಅಗೆಯುತ್ತಿದ್ದಾನೆ. ಪರೀಕ್ಷಾ ಶುಲ್ಕವನ್ನು ಅವನ ಚಿಕ್ಕಪ್ಪ ಕಟ್ಟಿದರು. ನಮ್ಮ ಗುಂಪಿನ ಹ್ಯಾಂಗರ್‌ನಲ್ಲಿ ಯಂತ್ರ ಜೋಡಿಸಿದ, ಫ್ರಿಗೇಟ್ ಎಂಬ ಸಣ್ಣ ನೌಕೆಗಳನ್ನು ಹೊಸಬರಿಗೆಂದೇ ಇಟ್ಟಿದ್ದೇವೆ. ನೌಕೆ ಕಳೆದುಕೊಂಡವರು ಈ ಮೂರು ಜಿಲ್ಲೆಗಳ ಯಾವ ಗುಂಪಿನವರಾದರೂ ಸರಿ, ನಮ್ಮ ಎದುರಾಳಿ ಗುಂಪಿನವರಾದರೂ ಸರಿ, ಬಂದು ಒಂದು ತೆಗೆದುಕೊಳ್ಳಿ. ತೆಗೆದುಕೊಂಡ ಮೇಲೆ ನಿಮ್ಮ ಹೆಸರಿನಲ್ಲಿ ಅದಕ್ಕೆ ವಿಮೆ ಮಾಡಿಸಬೇಕು, ನಮ್ಮ ಷರತ್ತು ಅದೊಂದೇ. ಕಂತನ್ನೂ ನಾವೇ ಕೊಡುತ್ತೇವೆ. ದುಡ್ಡು ಕಟ್ಟುವ ಪುಟ ತೆರೆಯುವ ಮೊದಲು ನಮ್ಮನ್ನು ಕೇಳಿ.

ಇಂತಿ,
ರಾಯಚೂರಿನ ಒಬ್ಬ ಸಹ ಆಟಗಾರ